ಬ್ಯಾಡ್ಜ್ ಕೀಳುವ ಮುನ್ನ

ಕಗ್ಗುಂಡಿಯಲ್ಲಿ ತಂಬಾಕು ಹರಾಜಾಗಿ ಕೈಗೆ ದುಡ್ಡು ಬಂತೆಂದರೆ ರಾವಂದೂರಿನ ಕಡೆ ಎಷ್ಟೋ ಮನೆಗಳಲ್ಲಿ ಕಾರಿನ ಮಾತು ಶುರುವಾಗುತ್ತದೆ. ಕಾರು ಬಂದ ಮೇಲೆ ಹುಡುಗರಿಗೆ ಕಂಪನಿಯ ಲೋಗೋ ತೆಗೆದು ಗಂಡಭೇರುಂಡ ಕೂರಿಸುವ ಆಸೆ. ಒಳ್ಳೆಯ ಆಸೆಯೇ. ಮೈಸೂರು ಸೀಮೆಯವರು ಅದನ್ನು ಅಭಿಮಾನದಿಂದ ಹಾಕಿಕೊಳ್ಳಲಿ.

ಆದರೆ ದಯವಿಟ್ಟು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪೇಂಟ್ ಎದ್ದುಬರುತ್ತದೆ. ಮೊದಲು ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಜಾಗ ಗುರುತು ಮಾಡಿಕೊಳ್ಳಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದರೆ ಹಿಂದಿನ ಅಂಟು ಮೆತ್ತಗಾಗುತ್ತದೆ. ಆಗ ಗಾಳದ ತಂಗೂಸಿ ದಾರವನ್ನು ಬ್ಯಾಡ್ಜ್ ಹಿಂದೆ ತೂರಿಸಿ, ಗರಗಸ ಎಳೆದಂತೆ ಅತ್ತಿತ್ತ ಎಳೆಯಿರಿ. ಕೆಲವು ಬ್ಯಾಡ್ಜ್‌ಗಳಿಗೆ ಹಿಂದೆ ಪಿನ್ ಇರುತ್ತದೆ. ದಾರ ತಡೆದರೆ ಬಲ ಹಾಕಬೇಡಿ, ಕಿತ್ತರೆ ತೂತು ಉಳಿಯುತ್ತದೆ.

ಉಳಿದ ಅಂಟನ್ನು ಬೆರಳಲ್ಲಿ ಉಜ್ಜಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ಹೊಸದನ್ನು ಒತ್ತಿ ಹಿಡಿಯಿರಿ. ಅದರ ಹಿಂದೆ ಅಂಟಿಸಿರುವ ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್ ಪೂರ್ತಿ ಹಿಡಿತಕ್ಕೆ ಬರಲು ಸುಮಾರು 72 ಗಂಟೆ ಬೇಕು. ಅಲ್ಲಿಯವರೆಗೆ ವಾಟರ್ ಸರ್ವಿಸ್ ಬೇಡ.

ಮುಂಭಾಗದ ಲೋಗೋ ಹಿಂದೆ ರೇಡಾರ್ ಇರುವ ಕಾರುಗಳಿವೆ. ಅಲ್ಲಿ ಲೋಹದ ಬ್ಯಾಡ್ಜ್ ಹಾಕಿದರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆಯೇ ಕೆಡಬಹುದು. ನಾಲ್ಕು ಸಿಂಹದ ರಾಷ್ಟ್ರಲಾಂಛನವನ್ನಂತೂ ಖಾಸಗಿ ಕಾರಿಗೆ ಹಾಕಲೇಬೇಡಿ, 2005ರ ಕಾಯ್ದೆಯಡಿ ಅದು ಅಪರಾಧ.

ಕಿತ್ತ ಹಳೆಯ ಬ್ಯಾಡ್ಜನ್ನು ಎಸೆಯದೆ ಎತ್ತಿಡಿ. ಕಾರು ಮಾರುವಾಗ ಕೊಳ್ಳುವವರು ಅದನ್ನು ಕೇಳಬಹುದು.