ನಡುವಣ ಪೆಟ್ಟಿಗೆ

ಜಿಲ್ಲಾಕೇಂದ್ರವೊಂದರ ಸಹಕಾರಿ ಬ್ಯಾಂಕಿನಲ್ಲಿ ಮಾರ್ಚ್ ತಿಂಗಳ ಕಡೆಯ ದಿನ ಗಣಕಯಂತ್ರಗಳೆಲ್ಲವೂ ಒಮ್ಮೆಲೇ ಸ್ತಬ್ಧವಾದುವು. ಪಿಂಚಣಿಗೆಂದು ಬಂದಿದ್ದ ವೃದ್ಧರು ಎರಡು ತಾಸು ಬೆಂಚಿನ ಮೇಲೆ ಕುಳಿತಿದ್ದು ಬರಿಗೈಯಲ್ಲಿ ಹಿಂದಿರುಗಿದರು. ಲೆಕ್ಕಹಾಕುವ ಸರ್ವರುಗಳು ಕೆಟ್ಟಿರಲಿಲ್ಲ. ಲೆಕ್ಕವನ್ನು ಕಾಪಾಡುವ ಸಂಗ್ರಹಯಂತ್ರಗಳೂ ಕೆಟ್ಟಿರಲಿಲ್ಲ. ಇವೆರಡರ ನಡುವೆ ಮೊಳದಗಲ, ಎರಡು ಬೆರಳೆತ್ತರದ ಪೆಟ್ಟಿಗೆಯೊಂದಿತ್ತು. ಅದರ ಹೆಸರು ಸ್ವಿಚ್ಚು. ದೋಷವೆಲ್ಲ ಅದರದಾಗಿತ್ತು.

ಮನೆಯ ಗಣಕದಲ್ಲಿ ಡಿಸ್ಕು ಯಂತ್ರದ ಒಡಲಿನಲ್ಲಿಯೇ ಇರುವುದಷ್ಟೆ. ಬ್ಯಾಂಕಿನಂತಹ ಸ್ಥಳದಲ್ಲಿ ಹಾಗಲ್ಲ. ಹಲವು ಸರ್ವರುಗಳಿಗೆ ಸಮಾನವಾದ ಉಗ್ರಾಣವೊಂದಿದ್ದು, ಎಲ್ಲವೂ ಸ್ವಿಚ್ಚಿನ ಮೂಲಕವೇ ಅಲ್ಲಿಗೆ ಹೋಗಿಬರಬೇಕು. ಪತ್ರವೊಂದು ತಡವಾಗಿ ಬಂದರೆ ಮನುಷ್ಯನು ಕಾಯುತ್ತಾನೆ. ಸರ್ವರಿಗೆ ಆ ತಾಳ್ಮೆಯಿಲ್ಲ. ಉಗ್ರಾಣದಿಂದ ಬಹಳ ಹೊತ್ತು ಉತ್ತರ ಬಾರದಿದ್ದರೆ ಡಿಸ್ಕೇ ಹಾಳಾಯಿತೆಂದು ಬಗೆದು ಬರೆಯುವುದನ್ನು ನಿಲ್ಲಿಸಿಬಿಡುತ್ತದೆ. ಆ ದಿನ ನಡೆದುದು ಇದೇ. ಕಚೇರಿಯ ಕೆಲಸಕ್ಕೂ ಉಗ್ರಾಣಕ್ಕೂ ಒಂದೇ ಅಗ್ಗದ ಸ್ವಿಚ್ಚಿತ್ತು. ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ ಕಡತಗಳ ನಕಲಿಳಿಸುವ ಕೆಲಸವೂ ಆರಂಭವಾಯಿತು, ದಾರಿ ಕಟ್ಟಿತು.

ಹೊಸದನ್ನು ಆರಿಸುವ ಹೊಣೆ ಬ್ಯಾಂಕಿನ ತರುಣ ಇಂಜಿನಿಯರನ ಮೇಲೆ ಬಿದ್ದಿತು. ಮಾರಾಟಗಾರರು ತಂದ ಪತ್ರಿಕೆಗಳಲ್ಲೆಲ್ಲ ವೇಗದ ಸ್ತುತಿಯೇ ತುಂಬಿತ್ತು. ಆತನು ಮಾತ್ರ ಎಲ್ಲರನ್ನೂ ಕೇಳಿದುದು ಒಂದೇ ಪ್ರಶ್ನೆ: ನೂಕುನುಗ್ಗಲಾದಾಗ ಇದು ಏನು ಮಾಡುತ್ತದೆ? ಒಂದು ಅಗುಳನ್ನು ಹಿಸುಕಿ ಅನ್ನ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ಸಲ್ಲದು. ಬಿಡುವಿನ ವೇಳೆಯಲ್ಲಿ ಪರೀಕ್ಷಿಸಿದರೆ ಎಲ್ಲ ಸ್ವಿಚ್ಚುಗಳೂ ಸಮರ್ಥವೇ.

ಈ ಪ್ರಶ್ನೆಗೆ ಎರಡು ಸಂಪ್ರದಾಯಗಳು ಎರಡು ಬಗೆಯಾಗಿ ಉತ್ತರ ಕೊಡುತ್ತವೆ. 1994ರಲ್ಲಿ ಅಮೆರಿಕದ ಮಾನಕವಾದ ಫೈಬರ್ ಚಾನೆಲ್ ಪದ್ಧತಿಯಲ್ಲಿ, ಎದುರಿಗೆ ಸ್ಥಳವಿದೆಯೆಂಬ ಸೂಚನೆ ಬಾರದೆ ಯಾವ ಯಂತ್ರವೂ ಸರಕನ್ನು ಕಳುಹಿಸುವುದಿಲ್ಲ. ಆದುದರಿಂದ ನೂಕುನುಗ್ಗಲಿನಲ್ಲಿ ಸರಕು ಬಾಗಿಲಲ್ಲಿ ಕಾಯುತ್ತದೆಯೇ ಹೊರತು ಬೀದಿಪಾಲಾಗುವುದಿಲ್ಲ. 2004ರಲ್ಲಿ ಮಾನಕವಾಗಿ ಪ್ರಕಟವಾದ ಐಸ್ಕಸಿ ಪದ್ಧತಿಯು ಸಾಮಾನ್ಯವಾದ ಈಥರ್‌ನೆಟ್ಟಿನ ಮೇಲೆಯೇ ನಡೆಯುತ್ತದೆ. ಇಲ್ಲಿ ಬಫರೆಂಬ ತಂಗುದಾಣ ತುಂಬಿದರೆ ಬಂದ ಸರಕನ್ನು ಸ್ವಿಚ್ಚು ಕೈಬಿಡುತ್ತದೆ. ಕಳುಹಿಸಿದವರು ಮತ್ತೆ ಕಳುಹಿಸಬೇಕು. ಮೊದಲನೆಯದು ನಿಶ್ಚಿಂತವಾದುದು, ಆದರೆ ಪ್ರತಿ ಸರ್ವರಿಗೂ ಬೇರೆ ಕಾರ್ಡು ಬೇಕು. ಇಪ್ಪತ್ತನಾಲ್ಕು ಪೋರ್ಟುಗಳನ್ನು ಕಂಡು ಕೊಂಡವನು, ಲೈಸೆನ್ಸಿಲ್ಲದೆ ಅವುಗಳಲ್ಲಿ ಎಂಟು ಮಾತ್ರ ತೆರೆಯುತ್ತವೆಂದು ಆಮೇಲೆ ಅರಿಯುವುದೂ ಉಂಟು. ಸಣ್ಣ ಸಂಸ್ಥೆಗೆ ಎರಡನೆಯದೇ ಸಾಕೆಂದು ಆತನು ನಿರ್ಣಯಿಸಿದನು. ಆದರೆ ಬಫರು ವಿಶಾಲವಾಗಿರಬೇಕು, ಮತ್ತು ಕಚೇರಿಯ ಸಂಚಾರವು ಅದರೊಳಗೆ ಕಾಲಿಡಕೂಡದು.

ಮುಂದಿನದು ಗಣಿತ. ಸರ್ವರುಗಳು ಎಂಟು, ಒಂದೊಂದಕ್ಕೆ ಎರಡು ತಂತಿ; ಸಂಗ್ರಹಯಂತ್ರಗಳು ಎರಡು, ಒಂದೊಂದಕ್ಕೆ ನಾಲ್ಕು ತಂತಿ. ಒಟ್ಟು ಇಪ್ಪತ್ತನಾಲ್ಕು. ಈ ಲೆಕ್ಕವನ್ನು ನೋಡಿ ಕಾರ್ಯದರ್ಶಿಗಳು ಕನ್ನಡಕ ತೆಗೆದರು.

“ಇಪ್ಪತ್ತನಾಲ್ಕು ಪೋರ್ಟಿನದು ಒಂದು ಸಾಕಲ್ಲವೇನಪ್ಪಾ? ಎರಡೇಕೆ ಬರೆದಿದ್ದೀಯೆ?”

“ಒಂದು ಕೆಟ್ಟರೆ ಇನ್ನೊಂದಿರಲೆಂದು ಸಾರ್. ಪ್ರತಿಯೊಂದು ಯಂತ್ರದ ಅರ್ಧ ತಂತಿಗಳು ಇದಕ್ಕೆ, ಅರ್ಧ ಅದಕ್ಕೆ. ಒಂದೊಂದರಲ್ಲಿ ಹನ್ನೆರಡು ತುಂಬುತ್ತವೆ. ಉಳಿದ ಹನ್ನೆರಡು ಮುಂದಿನ ಬೆಳವಣಿಗೆಗೆ.”

“ಎರಡನ್ನೂ ಜೋಡಿಸಿ ಒಂದೇ ಮಾಡಬಹುದೆಂದು ಮಾರುವವರು ಹೇಳಿದರಲ್ಲ?”

“ಮಾಡಬಹುದು ಸಾರ್. ಆದರೆ ಆಗ ಎರಡಕ್ಕೂ ಬುದ್ಧಿ ಒಂದೇ. ಅದು ತಪ್ಪಿದರೆ ಎರಡೂ ಮಲಗುತ್ತವೆ. ಇವು ಒಂದನ್ನೊಂದು ಅರಿಯದಿರುವುದೇ ಕ್ಷೇಮ.”

ಕಾರ್ಯದರ್ಶಿಗಳು ಬಹಳ ಹೊತ್ತು ಮಾತನಾಡಲಿಲ್ಲ. ವರ್ಷವೆಲ್ಲ ಅರ್ಧ ಖಾಲಿ ನಿಲ್ಲುವ ಪೆಟ್ಟಿಗೆಗೆ ಸದಸ್ಯರ ಹಣವನ್ನು ಸುರಿಯುವುದೇಕೆಂದು ಮಹಾಸಭೆಯಲ್ಲಿ ಪ್ರಶ್ನೆ ಬರುವುದು ಖಂಡಿತ. ಆದರೆ ಬೆಂಚಿನ ಮೇಲೆ ಕುಳಿತಿದ್ದ ಮುದುಕರೂ ಸದಸ್ಯರೇ. ಅವರು ಸಹಿ ಮಾಡಿದರು.

ಇಷ್ಟಾದ ಮೇಲೂ ಸಣ್ಣ ವಿಷಯಗಳು ಉಳಿದುವು. ಬೆಳಕಿನ ತಂತಿಯ ತುದಿಗೆ ಸಿಕ್ಕಿಸುವ ಮಾಡ್ಯೂಲುಗಳ ಬೆಲೆ ಬೇರೆ. ತನ್ನ ಕಂಪನಿಯದನ್ನಲ್ಲದೆ ಒಪ್ಪದ ಸ್ವಿಚ್ಚುಗಳೂ ಇವೆ. ಫ್ಯಾನು ಗಾಳಿಯನ್ನು ಬೀಸುವ ದಿಕ್ಕು ಉಳಿದ ಯಂತ್ರಗಳ ದಿಕ್ಕಿಗೆ ಹೊಂದಬೇಕು. ಇಲ್ಲವಾದರೆ ಒಂದರ ಬಿಸಿಯುಸಿರನ್ನು ಇನ್ನೊಂದು ಕುಡಿಯಬೇಕಾಗುತ್ತದೆ. ಸಂಗ್ರಹಯಂತ್ರದ ತಯಾರಕರು ಪರೀಕ್ಷಿಸಿ ಒಪ್ಪಿದ ಪಟ್ಟಿಯಲ್ಲಿ ಸ್ವಿಚ್ಚಿನ ಹೆಸರಿರಬೇಕು. ತರುಣನು ಒಂದೊಂದನ್ನೂ ನೋಡಿ ಗುರುತು ಹಾಕಿದನು.

ಪೆಟ್ಟಿಗೆಗಳು ಬಂದು ನೆಲೆಗೊಂಡುವು. ಬ್ಯಾಂಕಿನ ವ್ಯವಹಾರವನ್ನು ಅವುಗಳಿಗೆ ಒಪ್ಪಿಸುವ ಮೊದಲು, ಒಂದು ಭಾನುವಾರ, ಗುಮಾಸ್ತರನ್ನೆಲ್ಲ ಕರೆಸಿ ಹಳೆಯ ಲೆಕ್ಕದ ಪ್ರತಿಯೊಂದರ ಮೇಲೆ ಕೆಲಸ ಮಾಡಿಸಿದರು. ಜೊತೆಗೆ ನಕಲಿಳಿಸುವ ಕೆಲಸವನ್ನೂ ಹಚ್ಚಿದರು. ಆ ಭರದ ನಡುವೆ ಕಾರ್ಯದರ್ಶಿಗಳು ತಾವೇ ಯಂತ್ರಗಳ ಕೋಣೆಗೆ ಹೋಗಿ ಒಂದು ಸ್ವಿಚ್ಚಿನ ವಿದ್ಯುತ್ತಿನ ತಂತಿಗಳನ್ನು ಕಿತ್ತರು. ಅದರ ದೀಪಗಳು ಆರಿದುವು. ಅವರು ಅವಸರದಿಂದ ಹೊರಗೆ ಬಂದು ನಗದಿನ ಕಿಟಕಿಯ ಬಳಿ ನಿಂತರು.

“ಏನಾದರೂ ಆಯಿತೇನಮ್ಮಾ?”

ಗುಮಾಸ್ತೆ ತಲೆಯೆತ್ತಿ ನೋಡಿದಳು.

“ಒಂದು ಗಳಿಗೆ ನಿಂತ ಹಾಗಾಯಿತು, ಮತ್ತೆ ನಡೆಯಿತು. ಏಕೆ ಸಾರ್, ಏನಾಗಬೇಕಾಗಿತ್ತು?”