ಬಿದನೂರಿನ ವರಹ

ಹೊಸನಗರ ದಾಟಿ ಕೊಲ್ಲೂರಿನ ಕಡೆ ಹೊರಟ ಬಸ್ಸು ನಗರ ಎಂಬ ಊರಿನ, ಅಂದರೆ ಹಿಂದಿನ ಬಿದನೂರಿನ, ಕೋಟೆಯ ಮಗ್ಗುಲಲ್ಲೇ ಹಾದುಹೋಗುತ್ತದೆ. ಕಂದಕ ದಾಟಿದರೆ ಹಾವಸೆಗಟ್ಟಿದ ಜಂಬಿಟ್ಟಿಗೆ ಗೋಡೆ, ಒಳಗೆ ಅಕ್ಕ-ತಂಗಿಯರ ಕೊಳ, ಇನ್ನೂ ಮೇಲೆ ದರ್ಬಾರು ನಡೆಯುತ್ತಿದ್ದ ಜಗಲಿ. ಅಲ್ಲಿ ನಿಂತರೆ ಕಣ್ಣು ಹಾಯುವಷ್ಟೂ ಕಾಡು. ಕರಾವಳಿಯ ಬಂದರುಗಳಿಂದ ಹಡಗು ಹತ್ತುತ್ತಿದ್ದ ಅಕ್ಕಿ, ಮೆಣಸಿನ ಲೆಕ್ಕ ಇಲ್ಲಿಗೆ ಬಂದು ಸೇರುತ್ತಿತ್ತು ಎಂದರೆ ನಂಬುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ. ಬಿಜಾಪುರದ ದಂಡಿನ ಕಾಟಕ್ಕೆ ಕೆಳದಿ ನಾಯಕರ ರಾಜಧಾನಿ ಕಾಡಿನೊಳಕ್ಕೆ ಸರಿಯಿತು. ಆದರೆ ಹೊರಗಿನವರಿಗೆ ಬಾಗಿಲು ಹಾಕಿಕೊಳ್ಳಲಿಲ್ಲ. ಅರಸರು ವೀರಶೈವರು, ದತ್ತಿ ಮಾತ್ರ ಶೃಂಗೇರಿ ಮಠಕ್ಕೂ ಹೋಯಿತು. ಗೋವೆಯ ಪೋರ್ಚುಗೀಸರೊಡನೆ ಕಾದಾಡಿದವರೇ ಒಪ್ಪಂದ ಮಾಡಿಕೊಂಡು ಕರಾವಳಿಯಲ್ಲಿ ಇಗರ್ಜಿ ಕಟ್ಟಲು ಒಪ್ಪಿದರು. ರಾಣಿ ಚೆನ್ನಮ್ಮಾಜಿಯಂತೂ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನೇ ಮೈಮೇಲೆ ಎಳೆದುಕೊಂಡಳು. ಆ ಧೈರ್ಯಕ್ಕೆ ಏನೆನ್ನಬೇಕೋ!

ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಕೋಟೆಯಲ್ಲ, ಉಗುರಿನಗಲದ ಒಂದು ಚಿನ್ನದ ನಾಣ್ಯ. ಇಕ್ಕೇರಿ ವರಹದ ಒಂದು ಮಗ್ಗುಲಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಅಕ್ಷರದ ‘ಶ್ರೀ ಸದಾಶಿವ’. 1763ರಲ್ಲಿ ಹೈದರಾಲಿ ಊರನ್ನು ಗೆದ್ದ, ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ, ಊರಿಗೆ ಹೈದರ್‌ನಗರವೆಂದು ಹೆಸರಿಟ್ಟ. ಟಂಕಸಾಲೆಯಲ್ಲಿ ಅವನು ಬದಲಿಸಿದ್ದು ಹಿಂಬದಿಯೊಂದನ್ನೇ: ಅಲ್ಲಿ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರ. ಮುಂಬದಿಯ ಶಿವಪಾರ್ವತಿಯರು ಕೂತಲ್ಲೇ ಕೂತರು. ಇದನ್ನು ಔದಾರ್ಯವೆಂದು ಹೊಗಳುವವರಿದ್ದಾರೆ. ನನಗೆ ಕಾಣುವುದು ಪೇಟೆಯ ಬುದ್ಧಿವಂತಿಕೆ. ಜನರ ಕೈಗೆ ಹೊಂದಿಕೊಂಡ ದುಡ್ಡನ್ನು ಯಾವ ಅರಸನೂ ಸುಮ್ಮನೆ ಕೆಡಿಸುವುದಿಲ್ಲ.

ಹೈದರ್ ಸತ್ತ ಮೇಲೆ ಇಲ್ಲಿನ ಆಡಳಿತ ಅಯಾಜ್‌ನ ಕೈಯಲ್ಲಿತ್ತು. ಮಲಬಾರಿನ ನಾಯರ್ ಮನೆತನದಲ್ಲಿ ಹುಟ್ಟಿ ಮುಸಲ್ಮಾನನಾಗಿದ್ದ ಅವನು, ಕನ್ನಡ ಸೀಮೆಯ ಈ ಕೋಟೆಯನ್ನು 1783ರಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ಗೆ ಒಪ್ಪಿಸಿದ. ಟಿಪ್ಪು ಮೇಲೇರಿ ಬಂದು ಅದೇ ವರ್ಷ ಕಿತ್ತುಕೊಂಡ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ.

ಕೋಟೆಯಿಂದ ತುಸು ದೂರದಲ್ಲಿ ದೇವಗಂಗೆ. ಒಂದರ ಪಕ್ಕ ಒಂದು ಕಲ್ಲಿನ ಕೊಳ, ಒಂದೊಂದಕ್ಕೂ ಒಂದೊಂದು ಆಕಾರ. ಬೆಟ್ಟದ ನೀರು ಇವತ್ತಿಗೂ ಹರಿದು ಬಂದು ತುಂಬುತ್ತದೆ. ಊರಿನ ಅಧಿಕಾರ ಮಾತ್ರ ಹರಿದುಹೋಯಿತು. ತಾಲ್ಲೂಕು ಕಚೇರಿ ಕೂಡ ಕಲ್ಲೂರುಕಟ್ಟೆಯ ಪಾಲಾಯಿತು. ಆ ಕಲ್ಲೂರುಕಟ್ಟೆಯೇ ನಾನು ಬಸ್ಸು ಹತ್ತಿದ ಹೊಸನಗರ.