ಕುಕ್ಕರ್ ಹಾರಿದ ಮೇಲೆ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿರುವ ತಮ್ಮ, "ಅಕ್ಕಾ, ಈ ಸಲ ಹೋಟೆಲು ಬೇಡ, ಮನೇನೇ ಕಟ್ಟಿಕೊಂಡು ಹೋಗೋಣ" ಎಂದಾಗ ನನಗೆ ಮೊದಲು ಹೊಳೆದದ್ದು ಅಡುಗೆ. ದಿನಾ ಬ್ರೆಡ್ಡು ತಿನ್ನುವ ಕಷ್ಟ ತಪ್ಪಿತಲ್ಲ! ಬಾಡಿಗೆಗೆ ತಂದ ಕ್ಯಾಂಪರ್‌ವ್ಯಾನಿನಲ್ಲಿ ಗ್ಯಾಸ್ ಒಲೆ, ಫ್ರಿಜ್ಜು, ಪುಟ್ಟ ಸಿಂಕು, ರಾತ್ರಿ ಹಾಸಿಗೆಯಾಗುವ ಸೀಟು, ತಲೆಯ ಮೇಲೆ ಸಾಲು ಕಪಾಟು, ಎಲ್ಲ ಇದ್ದವು. ತಮ್ಮನ ಮನೆಯಿಂದ ಐದು ಲೀಟರಿನ ಕುಕ್ಕರ್, ದೋಸೆ ಕಾವಲಿ, ಮಸಾಲೆ ಡಬ್ಬಿ ಹೊತ್ತು ತಂದೆ. ವ್ಯಾನು ಕೊಟ್ಟ ಹುಡುಗ ಅರ್ಧ ಗಂಟೆ ಏನೇನೋ ತೋರಿಸಿದ. ನಾನು ಒಲೆ ಹೊತ್ತಿಸುವುದನ್ನಷ್ಟೇ ಗಮನವಿಟ್ಟು ನೋಡಿದೆ.

ನವೆಂಬರ್ ಕೊನೆ. ಅಲ್ಲಿ ಆಗ ಬೇಸಿಗೆಯ ಆರಂಭ. ಎರಡು ಗಂಟೆ ದಾರಿಯ ಜೆರಾಲ್ಡೀನ್ ಎಂಬ ಊರಿನಲ್ಲಿ ನಿಲ್ಲಿಸಿ ಅನ್ನ, ಸಾರು ಮಾಡಿ ಉಂಡೆವು. ಪಾತ್ರೆ ತೊಳೆದು, ಕುಕ್ಕರನ್ನು ಮೇಜಿನ ಮೇಲಿದ್ದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ಅಲ್ಲಿಂದ ಮುಂದೆ ರಸ್ತೆ ಗುಡ್ಡ ಹತ್ತಿಳಿಯುತ್ತದೆ. ಒಂದು ತಿರುವಿನಲ್ಲಿ ತಮ್ಮ ತುಸು ಜೋರಾಗಿ ಬ್ರೇಕ್ ಒತ್ತಿದ. ಧಡ್ ಎಂದು ಸದ್ದಾಯಿತು. ಬೆಲ್ಟು ಹಾಕಿಕೊಂಡು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ ಮಗಳ ಕೈಯಿಂದ ಮೂರು ಬೆರಳು ದೂರದಲ್ಲಿ ಕುಕ್ಕರ್ ಬಿದ್ದಿತ್ತು. ಮೇಜಿನ ಅಂಚು ಸೀಳಿತ್ತು. ಅವಳು ಅಳಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ನನ್ನನ್ನೇ ನೋಡಿದಳು. ಆ ನೋಟ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ.

ಪಕ್ಕದ ಜಲ್ಲಿಯ ಮೇಲೆ ವ್ಯಾನು ನಿಂತಿತು. "ಇದನ್ನ ಮುಚ್ಚಿದ್ದು ಯಾರು?" ಎಂದ ತಮ್ಮ. "ನಾನೇ ಕಣೋ" ಎಂದೆ. ಅವನು ಬೈಯಲಿಲ್ಲ. ಕಪಾಟಿನ ಗುಂಡಿ ತೋರಿಸಿದ. ಅದನ್ನು ಒತ್ತಿ ಒಳಕ್ಕೆ ಕೂರಿಸಿದರೆ ಮಾತ್ರ ಚಿಲಕ ಬೀಳುತ್ತದೆ. ಹೊರಗೆ ಉಬ್ಬಿಕೊಂಡಿದ್ದರೆ ಬಾಗಿಲು ಸುಮ್ಮನೆ ಆತುಕೊಂಡಿರುತ್ತದೆ, ಅಷ್ಟೇ. ಇವರು ಮಗಳಿಗೆ ಹೇಳಿದರು: "ಸಿಟಿ ಬಸ್ಸು ಗಕ್ಕನೆ ನಿಂತಾಗ ನಿಂತಿರೋರೆಲ್ಲ ಮುಂದಕ್ಕೆ ಮುಗ್ಗರಿಸ್ತಾರಲ್ಲ, ಹಾಗೆ. ವ್ಯಾನಿಗೆ ಬ್ರೇಕ್ ಇದೆ, ಕುಕ್ಕರಿಗೆ ಇಲ್ಲ." ಮೂರು ಕೆಜಿ ಹತ್ತಿರದ ಸಾಮಾನನ್ನು ತಲೆಯ ಮೇಲಿಟ್ಟದ್ದೇ ನನ್ನ ಮೊದಲ ತಪ್ಪು. ಭಾರದ್ದೆಲ್ಲ ಕೆಳಗೆ, ಹಗುರದ್ದು ಮೇಲೆ. ನಮ್ಮ ಅಪ್ಪ ಎತ್ತಿನಗಾಡಿಗೆ ಮೂಟೆ ಹೇರುವಾಗ ಹೇಳುತ್ತಿದ್ದದ್ದೂ ಇದನ್ನೇ.

ಮಗಳು ಆ ಸೀಟಿನಲ್ಲಿ ಮತ್ತೆ ಕೂರಲು ಒಪ್ಪಲಿಲ್ಲ. ಟೆಕಪೊ ಮುಟ್ಟುವವರೆಗೂ ಮೇಲಿನ ಕಪಾಟುಗಳನ್ನೇ ನೋಡುತ್ತಿದ್ದಳು. ಹಿಮನದಿ ಅರೆದ ಬಂಡೆಯ ನುಣ್ಣನೆಯ ಪುಡಿ ನೀರಿನಲ್ಲಿ ತೇಲುವುದರಿಂದ ಆ ಸರೋವರಕ್ಕೆ ಹಾಲು ಬೆರೆಸಿದಂಥ ನೀಲಿ. ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚು, ಸುತ್ತ ನೇರಳೆ ಲೂಪಿನ್ ಹೂಗಳು. ನಾವೆಲ್ಲ ಫೋಟೋ ತೆಗೆಯುತ್ತಿದ್ದರೆ ಅವಳು ವ್ಯಾನಿನಿಂದ ಇಳಿಯಲೇ ಇಲ್ಲ.

ರಾತ್ರಿ ತಮ್ಮ ಅವಳಿಗೊಂದು ಕೆಲಸ ಹಚ್ಚಿದ. "ಪುಟ್ಟೀ, ನಾಳೆಯಿಂದ ನೀನು ಸರಿ ಅನ್ನೋವರೆಗೂ ನಾನು ಕೀ ತಿರುಗಿಸೋದಿಲ್ಲ." "ಪ್ರಾಮಿಸ್ಸಾ ಮಾವ?" ಎಂದು ಎರಡು ಸಲ ಕೇಳಿಕೊಂಡಳು.

ಬೆಳಿಗ್ಗೆ ನಮಗೆಲ್ಲ ಪರೀಕ್ಷೆ. ಕುಕ್ಕರು, ಕಾವಲಿ ಸೀಟಿನ ಕೆಳಗಿನ ಪೆಟ್ಟಿಗೆಗೆ ಇಳಿದವು. ತಟ್ಟೆಗಳ ನಡುವೆ ಟವೆಲ್ಲು. ಎಣ್ಣೆ ಬಾಟಲಿ ಇವರ ಬೂಟಿನೊಳಗೆ ನೆಟ್ಟಗೆ ನಿಂತಿತು (ಬೂಟಿಗೆ ಏನಾಯಿತೆಂದು ಕೇಳಬೇಡಿ). ಮಸಾಲೆ ಡಬ್ಬಿಗೆ ನನ್ನ ಹಳೆಯ ದುಪಟ್ಟಾದ ಗಂಟು. ಅವಳು ಒಂದೊಂದೇ ಗುಂಡಿಯನ್ನು ಒತ್ತಿ, ಬಾಗಿಲನ್ನು ಎಳೆದು ನೋಡಿದಳು. ಫ್ರಿಜ್ಜಿನ ಕೊಂಡಿ, ಮೇಲ್ಛಾವಣಿಯ ಗಾಳಿಕಿಂಡಿ, ಕಿಟಕಿಗಳು. ಹೊರಗೆ ಬಂದು ಮೆಟ್ಟಿಲು ಒಳಗೆ ಸೇರಿದೆಯೇ, ಗ್ಯಾಸ್ ಸಿಲಿಂಡರಿನ ವಾಲ್ವು ಮುಚ್ಚಿದೆಯೇ, ಕರೆಂಟಿನ ವೈರು ಕಂಬದಿಂದ ಕಳಚಿದೆಯೇ ಎಂದು ಸುತ್ತು ಹಾಕಿದಳು. ಪಕ್ಕಕ್ಕೆ ಚಾಚುವ ಬಟ್ಟೆಯ ಚಪ್ಪರವನ್ನು ಇವರು ಮಡಚಿದ್ದರು, ಕೊಕ್ಕೆ ಸಿಗಿಸಿರಲಿಲ್ಲ. "ಅಪ್ಪಾ!" ಎಂದು ಕೂಗಿದ್ದು ಅಕ್ಕಪಕ್ಕದ ವ್ಯಾನುಗಳಿಗೂ ಕೇಳಿಸಿರಬೇಕು.

ಆ ಕೂಗಿನ ಬೆಲೆ ಮಧ್ಯಾಹ್ನ ಗೊತ್ತಾಯಿತು. ಪುಕಾಕಿ ಸರೋವರದ ದಂಡೆಯಲ್ಲಿ 3724 ಮೀಟರ್ ಎತ್ತರದ ಮೌಂಟ್ ಕುಕ್ ಕಡೆಗೆ ಹೋಗುವಾಗ ಗಾಳಿ ಎದ್ದು ವ್ಯಾನನ್ನು ಪಕ್ಕಕ್ಕೆ ತಳ್ಳತೊಡಗಿತು. ತಮ್ಮ ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಹಿಡಿದು ನಿಧಾನ ಮಾಡಿದ. ಇವರು ಕಿಟಕಿಯಿಂದ ಚಪ್ಪರದ ಕಡೆ ನೋಡಿದರು, ಆಮೇಲೆ ಮಗಳ ಕಡೆ. ಏನೂ ಮಾತಾಡಲಿಲ್ಲ.

ಮೂರನೆಯ ದಿನ ಓಮರಾಮ ದಾಟಿ 971 ಮೀಟರ್ ಎತ್ತರದ ಲಿಂಡಿಸ್ ಕಣಿವೆದಾರಿ ಹತ್ತಿದೆವು. ಮರವೇ ಇಲ್ಲದ, ಕಂದು ಹುಲ್ಲು ಹೊದ್ದ ಬೆಟ್ಟಗಳು, ಮೇಲೆ ಮೋಡದ ನೆರಳು. ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಜಾಗ ಇದೇ. ಮಗಳು ಅದೇ ಹಳೆಯ ಸೀಟಿನಲ್ಲಿ ಕೂತು ಬಣ್ಣದ ಪೆನ್ಸಿಲ್ ತೆಗೆದಿದ್ದಳು. ಇಳಿಜಾರಿನ ತಿರುವಿನಲ್ಲಿ ಒಳಗೆ ಏನೋ ಟಣ್ ಎಂದಿತು. ನಾನು ಬೆಚ್ಚಿ ತಿರುಗಿದೆ.

"ಚಮಚ ಅಮ್ಮಾ, ಡ್ರಾಯರಿನೊಳಗೆ ಇದೆ" ಎಂದು ಅವಳು ಬಣ್ಣ ತುಂಬುವುದನ್ನು ಮುಂದುವರಿಸಿದಳು.